ಪಂಪಾಪತಿಯ ‘ಹೌದು’

ರಾಯಚೂರು, ೯ ನವೆಂಬರ್ ೨೦೨೫, ಭಾನುವಾರ

ಪಂಪಾಪತಿ ಹೀಗೆ ಮಾಡಬಾರದಿತ್ತು. ಬೆಳಗಿನಿಂದ ಮನಸ್ಸಿನಲ್ಲಿ ಇದೊಂದೇ.

ನಮ್ಮ ಶಾಸಕ ಪಂಪಾಪತಿ ಸದನದಲ್ಲಿ ಹಾಕಿದ ಮತಗಳನ್ನು ತೂಗಿ ನೋಡಲು ಚುನಾವಣೆಯಲ್ಲಿ ಅವನಿಗಾಗಿ ದುಡಿದ ನಮ್ಮ ಸಮಿತಿಯವರು ಇವತ್ತು ಮಾನ್ವಿಯಲ್ಲಿ ಸೇರಿದ್ದೆವು. ಮಾತಾಡುವ ಕೆಲಸ ನನ್ನದು. ಗುಡಿಗಳ ಆಡಳಿತಕ್ಕೆ ಸರ್ಕಾರ ಕೈಹಾಕುವ ಮಸೂದೆಗೆ ಅವನು ಬೇಡವೆಂದ, ಗೋವಿನ ವಿಷಯದಲ್ಲೂ ಅಳುಕಲಿಲ್ಲ ಎಂದೆ. ಚಪ್ಪಾಳೆ ಬಿತ್ತು. ಆದರೆ ಹಳ್ಳಿಹಳ್ಳಿಗೂ ಮದ್ಯದಂಗಡಿ ತೆರೆಯುವ ಮಸೂದೆಗೆ ಅದೇ ಬಾಯಿಂದ ‘ಹೌದು’ ಅಂದ ಎಂದಾಗ ಯಾರೂ ಮುಖ ಎತ್ತಲಿಲ್ಲ.

“ಅದೊಂದು ಬಿಡ್ರಿ ಶ್ರೀವಲ್ಲಿ ಅಕ್ಕಾರ, ಪಕ್ಷ ಹೇಳಿದ್ದಕ್ಕ ಅಂದಾನ” ಎಂದರು ಅಧ್ಯಕ್ಷರಾದ ವಿಠ್ಠಲರಾಯರು.

“ಗುಡಿ ಉಳಿಸಿ ಮನಿ ಕೆಡಿಸಿದ್ರ, ಆ ಗುಡಿಗೆ ಯಾರು ಬರ್ತಾರ್ರೀ?” ಎಂದೆ.

ರಾಯರು ಪಂಪಾಪತಿಯನ್ನು ಮೆಚ್ಚಿ ನಿರ್ಣಯ ಓದಿದರು. ನಾನು ಸಹಿ ಹಾಕದೆ ಎದ್ದುಬಂದೆ.

ಹೊರಗೆ ದೇವದುರ್ಗದ ಕಡೆಯ ಗದ್ದೆಮ್ಮ ಕಾಯುತ್ತಿದ್ದಳು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡವಳು, ಚುನಾವಣೆಯಲ್ಲಿ ನನ್ನ ಜೊತೆ ಮನೆಮನೆ ತಿರುಗಿದವಳು.

“ನಮ್ಮಂವ ಏನಂದನ್ರೀ ಅಕ್ಕಾರ?”

“ಹೌದು ಅಂದಾನ, ಗದ್ದೆಮ್ಮ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾ ಅಂವನ್ನ ನಂಬಿದ್ದಿಲ್ರಿ. ನಿಮ್ಮನ್ನ ನಂಬಿ ಓಟು ಹಾಕಿದ್ದೆ” ಎಂದು ಸೆರಗು ಹೊದ್ದು ಬಸ್ ಹತ್ತಿದಳು.

ಮುಂದಿನ ಸಲ ಅವಳ ಓಣಿಗೆ ಹೋಗಿ ಏನು ಹೇಳಲಿ? ಬೇರೆಯವರಿಗೆ ಹಾಕು ಎನ್ನಲು ನನ್ನ ನಂಬಿಕೆ ಬಿಡದು. ಇವನಿಗೇ ಹಾಕು ಎನ್ನಲು ನನ್ನ ಬಾಯಿ ಏಳದು.