ಎಂಟು ಆವರ್ತಕ್ಕೆ ನಾಲ್ಕು ತಂತಿ

ಸೆಪ್ಟೆಂಬರ್ 3, ಮಂಗಳವಾರ

ಪತ್ರಿಕೆಗೆ ಐದನೆಯ ಪತ್ರ ಬರೆದು ಮುಗಿಸಿದೆ. ನಮ್ಮ ಬೀದಿಯ ನೀರುಗಾಲುವೆಯ ಮೇಲೆ ಕಾಂಕ್ರೀಟು ಸುರಿದ ಬಿಲ್ಡರ್‌ನ ವಿಷಯ. ನೀರಿಲ್ಲದೆ ಬೀದಿಬದಿಯ ಎಲ್ಮ್ ಮರಗಳು ಆಗಲೇ ತುದಿಯಿಂದ ಒಣಗುತ್ತಿವೆ. ಹಿಂದಿನ ನಾಲ್ಕು ಪತ್ರಗಳೂ ಅಚ್ಚಾಗಲಿಲ್ಲ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಹೊಲಿದು ಕಪಾಟಿಗೆ ಸೇರಿಸಿದವಳು ನಾನು. ಯಾವ ಪತ್ರ ಅಚ್ಚಾಗುತ್ತದೆ, ಯಾವುದು ಬುಟ್ಟಿಗೆ ಹೋಗುತ್ತದೆ ಎಂದು ಗೊತ್ತು. ಆದರೂ ಬರೆಯುತ್ತೇನೆ.

ಲಕೋಟೆಗೆ ಅಂಟು ಹಚ್ಚುವಾಗ ಫೋನು. ಮೆದೆರ್ ಅಂತೆ. ಹಳೆಯ ಹಾಡುಗಳ ಸಂಜೆ ನಡೆಸುವ ಕಂಪನಿಯವನು. ದನಿಯಲ್ಲಿ ಜೇನು.

“ಎಜೆ, ನಿಮ್ಮ ‘ಮೂರನೇ ಪಾಳಿ’ ಹಾಡು ಇಲ್ದೆ ಕಾರ್ಯಕ್ರಮ ಆಗುತ್ತಾ? ಇಪ್ಪತ್ತೆಂಟಕ್ಕೆ, ಓಕ್ ಪಾರ್ಕಲ್ಲಿ. ಝೂರಾ ಎಜೆ ಒಪ್ಕೊಂಡಾಯ್ತು.”

“ಅಭ್ಯಾಸ ಯಾವಾಗ?”

“ಅಭ್ಯಾಸ ಯಾಕೆ ಎಜೆ? ರೆಕಾರ್ಡಿಂಗ್ ಹಾಕ್ತೀವಲ್ಲ. ನೀವು ಗಿಟಾರ್ ಹಿಡ್ಕೊಂಡು ಚೆನ್ನಾಗಿ ನಿಂತ್ರೆ ಸಾಕು.”

ನಾಲ್ಕು ಮಾತಿಗೆ ಮೂರು ಸಲ ಎಜೆ. ಅಕ್ಕ ಅಕ್ಕ ಎನ್ನುತ್ತಲೇ ಅಂಗಡಿಯ ಬೊಂಬೆಯ ಹಾಗೆ ನಿಲ್ಲು ಎನ್ನುತ್ತಾನೆ. ನುಡಿಸುವುದಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದೆ. ಅರ್ಧ ಗಂಟೆ ಎಳೆದಾಡಿದ. ಕೊನೆಗೆ —

“ಸರಿ. ಇಪ್ಪತ್ತಕ್ಕೆ ಸೌಂಡ್ ಚೆಕ್. ಹಾಡಿನ ಮುಂಚೆ ಬಾಸ್ ಒಂದೇ ಬರುತ್ತಲ್ಲ, ಆ ಎಂಟು ಆವರ್ತ ನುಡಿಸಿ ತೋರ್ಸಿ. ಬಂದ್ರೆ ನೋಡೋಣ. ಬರ್ಲಿಲ್ಲ ಅಂದ್ರೆ ರೆಕಾರ್ಡಿಂಗ್. ಬೇಜಾರು ಮಾಡ್ಕೋಬಾರ್ದು.”

ನೋಡೋಣವಂತೆ!

ಸೆಪ್ಟೆಂಬರ್ 4

ರೆಕಾರ್ಡಿಂಗ್ ಎಂದ ಕೂಡಲೇ ನನ್ನ ರಕ್ತ ಕುದಿಯಿತು. ಕಾರಣ ಅವನಿಗೆ ಗೊತ್ತಿಲ್ಲ. ಇಲ್ಲಾದರೂ ಬರೆದಿಡುತ್ತೇನೆ.

1981ರ ಮಾರ್ಚ್. ಊರಿನ ಹೆಸರು ಆಗ ಫ್ರುಂಜೆ. ನೂಲಿನ ಮಿಲ್ಲಿನ ನಾಲ್ವರು ಹುಡುಗಿಯರು ಸ್ಟುಡಿಯೋಗೆ ಹೋದೆವು — ಹಾಡುವವಳು ಝೂರಾ, ಆರ್ಗನ್ ನುಡಿಸಿ ಹಾಡು ಕಟ್ಟಿದ ಇರ್ಮಾ, ಡ್ರಮ್ಮಿಗೆ ರೋಜಾ, ಬಾಸ್ ಗಿಟಾರಿಗೆ ನಾನು. ಗಾಜಿನಾಚೆಯಿಂದ ರೆಕಾರ್ಡಿಂಗ್ ನೋಡಿಕೊಳ್ಳುವ ಸಂಪಾದಕನೊಬ್ಬ ಬಂದ. ಹೆಂಗಸಿನ ಬೆರಳಿಗೆ ಬಾಸ್ ಭಾರ, ನಮ್ಮ ವಾದಕನೇ ನುಡಿಸುತ್ತಾನೆ, ನೀನು ಹೊರಗೆ ಚಹಾ ಕುಡಿ ಎಂದ. ಕುಡಿದೆ. ಇಪ್ಪತ್ತನಾಲ್ಕು ವರ್ಷದವಳು, ಎದುರು ಮಾತಾಡಲಿಲ್ಲ. ಗ್ರಾಮೊಫೋನ್ ತಟ್ಟೆಯ ಮೇಲೆ ನನ್ನ ಹೆಸರು ಅಚ್ಚಾಯಿತು. ಬೆರಳು ಬೇರೆಯವನದು.

ಅಂದರೆ ಇಪ್ಪತ್ತೆಂಟಕ್ಕೆ ನಾನು ಸಾವಿರ ಜನರ ಮುಂದೆ ಆ ಗಂಡಸಿನ ಬೆರಳಿಗೆ ತಕ್ಕಂತೆ ಕೈ ಆಡಿಸಬೇಕು. ಸತ್ತರೂ ಇಲ್ಲ.

ಇರ್ಮಾ ಜರ್ಮನಿಗೆ ಹೋದಳು. ರೋಜಾ ತೀರಿಕೊಂಡಳು. ಉಳಿದವರು ಇಬ್ಬರು.

ಗಿಟಾರನ್ನು ಕಪಾಟಿನ ಮೇಲಿಂದ ಇಳಿಸಿದೆ. ನಾಲ್ಕು ತಂತಿಗಳೂ ತುಕ್ಕು. ಸೋಡಾ ಹಾಕಿದ ನೀರಿನಲ್ಲಿ ಕುದಿಸಿದೆ, ಆಗ ಮಾಡುತ್ತಿದ್ದಂತೆ. ಆಗ ಅದರಿಂದ ಒಂದು ತಿಂಗಳ ಜೀವ ಬರುತ್ತಿತ್ತು. ಇಂದು ಪಾತ್ರೆಯಲ್ಲೇ ಎರಡು ತುಂಡಾದವು. ಹೊಸ ತಂತಿ ಬೇಕು.

ಸೆಪ್ಟೆಂಬರ್ 6, ಶುಕ್ರವಾರ

ಓಶ್ ಬಜಾರಿನ ಹಿಂದೆ, ಬೂಟು ಹೊಲಿಯುವವರ ಸಾಲಿನಲ್ಲಿ ಇಸ್ಮಾರನ ಅಂಗಡಿ. ಐವತ್ತು ದಾಟಿದವನು, ದುಂಗಾನ್ ಜನಾಂಗದವನು. ನನ್ನ ತಲೆವಸ್ತ್ರ ನೋಡಿದವನೇ ಬೆರಳು ತೋರಿದ.

“ಕೊಮುಜ್ ತಂತಿ ಆ ಕಡೆ ಇದೆ, ಎಜೆ.”

“ಹಳ್ಳಿ ಹಾಡಿನ ಕೊಮುಜ್ ಕೇಳಿದೆನಾ? ಬಾಸ್ ಗಿಟಾರಿಗೆ ಬೇಕು.”

“ಓ. ಮೊಮ್ಮಗಂದಾ?”

“ನಿನ್ನ ಅಜ್ಜಂದು! ನಂದು ಕಣಯ್ಯಾ. ತೋರ್ಸು.”

ನಕ್ಕ. ಆಮೇಲೆ ಮನಸ್ಸಿಟ್ಟು ತೋರಿಸಿದ, ಅದನ್ನು ಒಪ್ಪಬೇಕು. ಎರಡು ಜಾತಿ. ಒಂದರ ಮೇಲೆ ದುಂಡನೆಯ ಎಳೆ ಸುತ್ತಿದೆ. ಮೀಟಿದರೆ ಗಂಟೆಯ ಹಾಗೆ ಕಣಕಣ, ಈಗಿನವರೆಲ್ಲ ಇದನ್ನೇ ಒಯ್ಯುತ್ತಾರಂತೆ. ಬೆರಳು ಎಳೆದು ನೋಡಿದೆ. ಗಜ್ಜರಿ ತುರಿಯುವ ಮಣೆ. ಜೊತೆಗೆ ಇಲಿ ಕಿರುಗುಟ್ಟಿದಂಥ ಸದ್ದು. ಇನ್ನೊಂದರ ಮೇಲೆ ಪಟ್ಟಿಯಂಥ ಚಪ್ಪಟೆ ಎಳೆ. ಮುಟ್ಟಿದರೆ ರೇಷ್ಮೆ. ದನಿ ಗುಂಡಗೆ, ಕೆಳಗೆ, ಬಾಗಿಲಾಚೆ ಯಾರೋ ಗಂಭೀರವಾಗಿ ಮಾತಾಡಿದ ಹಾಗೆ. ನಮ್ಮ ದನಿ ಅದು.

“ಚಪ್ಪಟೇದು ಬಿಗಿ ಜಾಸ್ತಿ ಎಜೆ. ಕೈ ತೋರ್ಸಿ.” ಎಡಗೈಯ ಊದಿದ ಗೆಣ್ಣುಗಳನ್ನು ನೋಡಿದ. ಹಾಸ್ಯ ನಿಂತಿತು. “ದಪ್ಪದ್ದು ಬೇಡವೇ ಬೇಡ. ತೆಳ್ಳಂದು ಒಂದೇ ಒಂದು ಕಟ್ಟು ಉಳಿದಿದೆ. ತಗೊಂಡ್ಹೋಗಿ.”

ಬರುತ್ತಾ ವ್ಯಾನಿನಲ್ಲಿ ಆ ಪೊಟ್ಟಣವನ್ನು ಮೊಟ್ಟೆಯ ಹಾಗೆ ಹಿಡಿದಿದ್ದೆ.

ಸೆಪ್ಟೆಂಬರ್ 7

ತಂತಿ ಹಾಕಿದೆ. ಬಿರಡೆಗಿಂತ ಒಂದು ಗೇಣು ಉದ್ದ ಇದ್ದವು. ಹೆಚ್ಚಾದುದನ್ನು ಇಕ್ಕಳದಿಂದ ಕತ್ತರಿಸಿ, ಸುತ್ತಿ, ಬಿಗಿ ಮಾಡಿದೆ. ನಾಲ್ಕೂ ಒಂದೇ ಅಳತೆ. ಅಚ್ಚುಕಟ್ಟು. ನಾಳೆ ನುಡಿಸುವುದು.

ಸೆಪ್ಟೆಂಬರ್ 8, ಭಾನುವಾರ

ಸತ್ತಿವೆ. ನಾಲ್ಕೂ.

ಮೀಟಿದರೆ ಒದ್ದೆ ಹಗ್ಗ. ಶ್ರುತಿಗೆ ತಂದು ಕೈ ತೆಗೆದರೆ ಜಾರುತ್ತದೆ. ಗಿಟಾರನ್ನೇ ಹೊತ್ತು ಬಜಾರಿಗೆ ಓಡಿದೆ. ಕಳಪೆ ಮಾಲು, ಗ್ರಾಹಕರ ಹಕ್ಕು, ದೂರು ಕೊಡುತ್ತೇನೆ — ಎಲ್ಲ ಅಂದೆ. ಬೂಟಿನವರು ಸೂಜಿ ನಿಲ್ಲಿಸಿ ಕೇಳಿದರು. ಇಸ್ಮಾರ್ ಬಿರಡೆಯ ಕಡೆ ಬಗ್ಗಿ ನೋಡಿದ. ತಲೆ ಮೇಲೆ ಕೈ ಹೊತ್ತ.

“ಕತ್ತರಿಸಿಬಿಟ್ರಾ? ನೆಟ್ಟಗಿದ್ದಾಗಲೇ?”

“ಮತ್ತೆ ಉದ್ದ ಇತ್ತಲ್ಲ!”

“ಅಯ್ಯೋ ಎಜೆ, ಮೊದ್ಲು ಬಗ್ಗಿಸ್ಬೇಕು, ಆಮೇಲೆ ಕತ್ತರಿಸ್ಬೇಕು. ಬಗ್ಗಿಸದೆ ಕತ್ತರಿಸಿದ್ರೆ ಮೇಲಿನ ಸುತ್ತು ಒಳಗಿನ ತಂತಿ ಮೇಲೆ ಸಡಿಲ ಆಗಿಬಿಡುತ್ತೆ. ಮುಗೀತು ಕಥೆ. ಎಷ್ಟು ವರ್ಷ ನುಡಿಸಿದ್ರಿ ಅಂದ್ರಿ?”

“ಏಳು.”

“ಏಳು ವರ್ಷದಲ್ಲಿ ಒಂದ್ಸಲಾನೂ ತಂತಿ ಹಾಕಿಲ್ವಾ?”

ನೂರು ಸಲ ಹಾಕಿದ್ದೇನೆ. ಎಲ್ಲವೂ ಬೇರೆ ವಾದ್ಯಗಾರರು ನುಡಿಸಿ ಬಿಸಾಡಿದವು. ಅವರೇ ಬಗ್ಗಿಸಿ, ಅವರೇ ಕತ್ತರಿಸಿದವು. ನಾವು ಕುದಿಸಿ, ಒರೆಸಿ, ಏರಿಸುತ್ತಿದ್ದೆವು ಅಷ್ಟೇ. ಹೊಸ ತಂತಿಯ ನಡತೆ ಕಲಿಯಲು ಹೊಸ ತಂತಿ ಸಿಗಬೇಕಿತ್ತಲ್ಲ. ಇದು ಅರವತ್ತೇಳನೆಯ ವಯಸ್ಸಿನಲ್ಲಿ ನನ್ನ ಕೈಗೆ ಬಂದ ಮೊದಲನೆಯದು.

ಗಿಟಾರನ್ನು ಹೆಗಲಿಗೇರಿಸಿದೆ. ಹೊರಟು ಬಂದೆ.

ಸೆಪ್ಟೆಂಬರ್ 14, ಶನಿವಾರ

ಐದು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸಿಟ್ಟು ಮಾತ್ರ ಇತ್ತು. ನನ್ನ ಮೇಲೆ, ಇಕ್ಕಳದ ಮೇಲೆ, ಒಂದು ಕಟ್ಟು ತಂತಿಯನ್ನು ಹುಡುಗಿಯರ ಕೈಗೆ ಕೊಡಲಾಗದೆ ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳಿಸಿದ ಆ ದೇಶದ ಮೇಲೆ.

ತೆಳ್ಳನೆಯದು ಮತ್ತೆ ಬರಲು ಆರು ವಾರ ಬೇಕಂತೆ. ಉಳಿದದ್ದು ಎರಡು ದಾರಿ: ತುರಿಯುವ ಮಣೆ, ಇಲ್ಲವೇ ದಪ್ಪನೆಯ ಚಪ್ಪಟೆ ತಂತಿ. ಇಂದು ದಪ್ಪನೆಯದನ್ನೇ ತಂದೆ. ಇಸ್ಮಾರ್ ಬೇಡ ಬೇಡ ಎಂದ. ಕೊನೆಗೆ ತಾನೇ ಬಗ್ಗಿಸಿ, ಕತ್ತರಿಸಿ, ಏರಿಸಿಕೊಟ್ಟ. ನಾನು ಕಣ್ಣು ಮಿಟುಕಿಸದೆ ನೋಡಿದೆ.

ದನಿ ಎಂದರೆ ದನಿ! ಮೇಜಿನ ಮೇಲಿನ ಬಟ್ಟಲುಗಳು ಗುಂಯ್‌ಗುಟ್ಟಿದವು. ಮೂರನೆಯ ಆವರ್ತಕ್ಕೆ ಉಂಗುರದ ಬೆರಳು ಮಡಚಿಕೊಂಡಿತು. ಬಿಡಿಸಲು ಬಲಗೈ ಬೇಕಾಯಿತು.

ಸೆಪ್ಟೆಂಬರ್ 17

ದಿನಕ್ಕೆ ಎಂಟು ಸಲ. ಬಿಸಿನೀರು, ಮುಲಾಮು, ಮತ್ತೆ ತಂತಿ. ನಿನ್ನೆ ನಾಲ್ಕು ಆವರ್ತ, ಇಂದು ನಾಲ್ಕು. ಐದನೆಯದಕ್ಕೆ ಕೈ ಹೋಗದು.

ಮಧ್ಯಾಹ್ನ ಝೂರಾ ಬಂದಳು, ತಿನ್ನಲು ಬಿಸಿ ಸಮ್ಸಾ ತಂದಿದ್ದಳು. ಸಂಧಾನಕ್ಕೆ ಎಂದು ಮುಖ ನೋಡಿದಾಗಲೇ ತಿಳಿಯಿತು.

“ಅನಿಪಾ, ಸುಮ್ನೆ ಬಿಟ್ಬಿಡೇ. ರೆಕಾರ್ಡಿಂಗ್ ಹಾಕ್ಲಿ.”

“ಅದ್ರಲ್ಲಿ ನಾನಿಲ್ಲ.”

“ಅದ್ರಲ್ಲೇ ನಾನಿರೋದು! ನೀನು ಬದುಕಿರೋ ದನಿ ಬೇಕು ಅಂದ್ರೆ ನಾನೂ ಬಾಯಿ ಬಿಡ್ಬೇಕು. ‘ದೀಪ ಆರಿಸಬೇಡ’ ಅಂತ ಮೇಲಕ್ಕೆ ಏರುತ್ತಲ್ಲ, ಅಲ್ಲಿಗೆ ಹೋದ್ರೆ ಈಗ ನಂಗೆ ಗೋಡೆ ಸುಣ್ಣ ಉದುರುತ್ತೆ, ದನಿ ಬರಲ್ಲ. ಜನ ನಗ್ಬೇಕಾ?”

“ನಲವತ್ಮೂರು ವರ್ಷ ನಿನ್ನ ದನಿಗೆ ಚಪ್ಪಾಳೆ ಬಿದ್ದಿದೆ. ನನ್ನದನ್ನ ಯಾರು ಕೇಳಿದ್ದಾರೆ?”

“ಯಾರು ಕೇಳ್ತಾರೇ ಬಾಸನ್ನ? ಜನ ಹಾಡು ಕೇಳ್ತಾರೆ.”

ಸಮ್ಸಾದ ಚೀಲವನ್ನು ಅವಳ ಕೈಗೇ ವಾಪಸು ಕೊಟ್ಟೆ. ತಪ್ಪು. ಕೊಟ್ಟದ್ದು ಕೊಟ್ಟಾಯಿತು.

ಸೆಪ್ಟೆಂಬರ್ 20

ಸೌಂಡ್ ಚೆಕ್. ಐದನೆಯ ಆವರ್ತದಲ್ಲಿ ಕೈ ಮಡಚಿಕೊಂಡಿತು. ಗಾಳಿ, ತಂತಿ, ಕೆಟ್ಟ ಕುರ್ಚಿ — ಯಾವುದನ್ನೂ ದೂರಲಿಲ್ಲ.

ಮೆದೆರ್ ಕಿರಿಚಲಿಲ್ಲ. ಕಿರಿಚಿದ್ದರೆ ಚೆನ್ನಾಗಿತ್ತು. ಭುಜ ತಟ್ಟಿ, ರೆಕಾರ್ಡಿಂಗ್ ಹಾಕಿಸಿದ. ಆ ಗಂಡಸಿನ ಎಂಟು ಆವರ್ತ ಪಾರ್ಕಿನ ತುಂಬ ಹರಡಿತು.

“ನೋಡಿ ಎಜೆ, ಆಗ ಎಷ್ಟು ಚೆನ್ನಾಗಿ ನುಡ್ಸಿದ್ದೀರಿ!”

ಸೆಪ್ಟೆಂಬರ್ 25, ಬುಧವಾರ

ತಂತಿ ಬಿಚ್ಚಿ ಇಸ್ಮಾರನಿಗೆ ಹಿಂತಿರುಗಿಸೋಣ ಎಂದು ಕೂತೆ. ಇಂಥ ಬಿಗಿಯ ತಂತಿಯನ್ನು ಒಮ್ಮೆಲೇ ಬಿಚ್ಚಬಾರದು, ಗಿಟಾರಿನ ಕುತ್ತಿಗೆ ಸೊಟ್ಟಗಾಗುತ್ತದೆ, ನಾಲ್ಕನ್ನೂ ಸಮನಾಗಿ ಸ್ವಲ್ಪ ಸ್ವಲ್ಪವೇ ಇಳಿಸಿ ಎಂದಿದ್ದ. ಒಂದು ಸುತ್ತು ಇಳಿಸಿದೆ. ಎರಡನೆಯದು. ಸುಮ್ಮನೆ ಮೀಟಿದೆ.

ಪಟಪಟ ಎನ್ನಬೇಕಿತ್ತು. ತೆಳ್ಳನೆಯದಾಗಿದ್ದರೆ ಹಾಗೇ ಆಗುತ್ತಿತ್ತು. ಇದು ದಪ್ಪ. ಸಡಿಲವಾದರೂ ನಿಂತಿತು, ದನಿ ಇನ್ನೂ ಕೆಳಗೆ, ಇನ್ನೂ ಅಗಲ. ಒತ್ತಿದೆ. ಬೆರಳು ಹೋಯಿತು! ಆರು, ಏಳು, ಎಂಟು. ಮತ್ತೊಮ್ಮೆ. ಮತ್ತೊಮ್ಮೆ. ನಿಲ್ಲಿಸದೆ ಹಾಡಿನ ಕೊನೆಯವರೆಗೆ.

ಹಾಡಿನ ಶ್ರುತಿ ಎರಡು ಮನೆ, ಅಂದರೆ ಎರಡು ಸ್ವರಸ್ಥಾನ, ಕೆಳಗೆ ಬಂದಿದೆ. ಆ ರೆಕಾರ್ಡಿಂಗಿಗೆ ಇನ್ನು ಹೊಂದುವುದಿಲ್ಲ.

ಝೂರಾಗೆ ಫೋನು ಮಾಡಿದೆ. ಹಲೋ ಎಂದಳು. ಫೋನನ್ನು ಮೇಜಿನ ಮೇಲಿಟ್ಟು ಎಂಟು ಆವರ್ತ ನುಡಿಸಿದೆ.

“ಎಲ್ಲಿದೆಯೇ ಶ್ರುತಿ?”

“ಕೆಳಗಿದೆ. ಎರಡು ಮನೆ.”

ಫೋನು ಇಟ್ಟುಬಿಟ್ಟಳು.

ಸೆಪ್ಟೆಂಬರ್ 26

ಬೆಳಿಗ್ಗೆ ಎಂಟಕ್ಕೇ ಬಾಗಿಲು ಬಡಿದಳು. ಕೋಟು ಬಿಚ್ಚಲಿಲ್ಲ. ಚಹಾ ಬೇಡ ಎಂದಳು. ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಒರಗಿ ನಿಂತು — “ಹೂಂ, ನುಡ್ಸು.”

ಹಾಡಿದಳು. 1981ರ ದನಿ ಅಲ್ಲ. ಅದು ಮಗ್ಗದ ಮುಂದೆ ಕನಸು ಕಾಣುವ ಹುಡುಗಿಯ ದನಿ. ಇದು ಆ ಮೂರನೇ ಪಾಳಿ ಮುಗಿಸಿ, ಬೆಳಗಿನ ಬಸ್ಸಿನಲ್ಲಿ ನಿಂತೇ ಮನೆಗೆ ಬಂದವಳ ದನಿ. ‘ದೀಪ ಆರಿಸಬೇಡ’ ಎಂಬಲ್ಲಿ ನಾನು ತಲೆ ತಗ್ಗಿಸಿದೆ. ಏರಿದಳು. ಸುಣ್ಣ ಉದುರಲಿಲ್ಲ.

ಮುಗಿದ ಮೇಲೆ ಕೋಟಿನ ಗುಂಡಿ ಬಿಚ್ಚಿದಳು.

“ಹೋದ ವಾರ ಅಂದಿದ್ದಕ್ಕೆ ನಾನು ಕ್ಷಮೆ ಗಿಮೆ ಕೇಳಲ್ಲ,” ಎಂದಳು.

“ಕೇಳ್ಬೇಡ.”

“ಮೆದೆರ್ ಒಪ್ಪಲ್ಲ.”

“ಒಪ್ಪಲ್ಲ.”

“ಮತ್ತೊಂದ್ಸಲ ನುಡ್ಸು.”

ಸೆಪ್ಟೆಂಬರ್ 28, ಶನಿವಾರ, ಸಂಜೆ 5.40

ವೇದಿಕೆಯ ಹಿಂದಿನ ಡೇರೆಯಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಎಡಗೈ ಮಡಚಿಕೊಳ್ಳುವುದನ್ನೇ ಯೋಚಿಸುತ್ತೇನೆ.

ಮೆದೆರ್‌ಗೆ ರೆಕಾರ್ಡಿಂಗ್ ಬೇಡ, ನಾವೇ ನುಡಿಸಿ ಹಾಡುತ್ತೇವೆ ಎಂದೆವು. ಇಪ್ಪತ್ತನೆಯ ತಾರೀಕು ನೋಡಿಲ್ಲವೇ, ಸ್ಪಾನ್ಸರ್ ಕೂತಿದ್ದಾರೆ, ಬಾಸ್ ಮತ್ತು ದನಿ ಅಷ್ಟೇ ಎಂದರೆ ಅದು ಹಾಡೇ, ಇಲ್ಲ ಎಜೆ, ಆಗದು ಎಜೆ ಎಂದ. ನಾನು ಕಲಾವಿದರ ಹಕ್ಕಿನ ಬಗ್ಗೆ ಮಾತು ತೆಗೆದೆ. ಬಹುಶಃ ಚೆನ್ನಾಗಿಯೇ ಮಾತಾಡಿದೆ. ಅವನು ಗಡಿಯಾರ ನೋಡಿಕೊಂಡ.

ಝೂರಾ ಕನ್ನಡಿಯಲ್ಲಿ ತುಟಿಗೆ ಬಣ್ಣ ಹಚ್ಚುತ್ತಲೇ ಹೇಳಿದಳು —

“ಆಯ್ತಪ್ಪ ಮೆದೆರ್, ಹಾಕು. ನಾನು ಮೈಕಿನ ಮುಂದೆ ಬಾಯಿ ಮುಚ್ಕೊಂಡು ನಿಲ್ತೀನಿ. ಸ್ಪೀಕರಲ್ಲಿ ನನ್ನ ದನಿ ಬರ್ತಿರುತ್ತೆ, ನನ್ನ ತುಟಿ ಹೊಲಿದಿರುತ್ತೆ. ಜನ ವಿಡಿಯೋ ತಕ್ಕೊಳ್ಲಿ.”

“ಹಾಗ್ಮಾಡ್ಬೇಡಿ ಎಜೆ!”

“ಮಾಡ್ತೀನಿ. ಅರವತ್ತೆಂಟರ ಮುದುಕಿಗೆ ನೀನೇನು ಶಿಕ್ಷೆ ಕೊಡ್ತೀಯ, ಮೂಲೇಲಿ ನಿಲ್ಲಿಸ್ತೀಯಾ?”

ಅವನು ಕೆಂಪಾಗಿ ಹೊರಗೆ ಹೋಗಿ ಹತ್ತು ನಿಮಿಷವಾಯಿತು. ನಮಗಿಂತ ಮುಂಚೆ ಶಾಲೆಯ ಹುಡುಗಿಯರ ಕುಣಿತ. ಬಿಸಿನೀರಿನ ಬಾಟಲಿ ಎಡಗೈಯಲ್ಲಿದೆ. ಶ್ರುತಿ ಮೂರು ಸಲ ನೋಡಿದೆ. ದಪ್ಪ ತಂತಿ ಅಲುಗಿಲ್ಲ. ಝೂರಾ ಬಾಯಿಯೊಳಗೇ ಗುನುಗುತ್ತಿದ್ದಾಳೆ, ಎರಡು ಮನೆ ಕೆಳಗೆ.

ಕುಣಿತ ಮುಗಿಯಿತು. ಚಪ್ಪಾಳೆ.

ಮೆದೆರ್ ಬಂದ. ನಮ್ಮ ಮುಖ ನೋಡುತ್ತಿಲ್ಲ. ಹೆಗಲ ಮೇಲೆ ಕಪ್ಪು ವೈರಿನ ಸುರುಳಿ, ಅದರ ಇನ್ನೊಂದು ತುದಿ ವೇದಿಕೆಯ ಕಡೆಗೆ ಹಾಸಿಕೊಂಡು ಬಂದಿದೆ. ನನ್ನ ಮುಂದೆ ಮಂಡಿಯೂರಿದ. ಗಿಟಾರಿಗೆ ವೈರು ಸೇರಿಸಿದ. ಹೊರಗೆ, ಪಾರ್ಕಿನ ಎಲ್ಲ ಸ್ಪೀಕರುಗಳಲ್ಲೂ ಒಂದು ದೊಡ್ಡ ‘ಟಪ್’. ಜನ ಸುಮ್ಮನಾದರು. ಝೂರಾ ಎದ್ದಳು. ಇನ್ನು ಈ ಪೆನ್ನು ಇಟ್ಟು ಕೈ —