ಅಣ್ಣ-ತಂಗಿಯನ್ನು ಎದುರುಬದುರು ಕೂರಿಸಿದ ಪರೀಕ್ಷೆ

ಮಾನ್ಯ ಪರೀಕ್ಷಾಧಿಕಾರಿಗಳೇ,

ಆರನೆಯ ತರಗತಿಯ ಸಂಭಾಷಣೆ ಪರೀಕ್ಷೆಯಲ್ಲಿ ನಮ್ಮ ದ್ವೀಪದ ಇಬ್ಬರು ಮಕ್ಕಳಿಗೆ ನೀವು ಕೊಟ್ಟ ಸೊನ್ನೆಯನ್ನು ಪ್ರೌಢಶಾಲೆಯ ಆಯ್ಕೆಪಟ್ಟಿ ಹೊರಬೀಳುವ ಮೊದಲು ತೆಗೆದುಹಾಕಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಕಚೇರಿಗೇ ಮೊದಲು ಬರೆದಿದ್ದೆ. "ಮರುಪರೀಕ್ಷೆಗೆ ಅವಕಾಶವಿದೆ, ಜೋಡಿ ಬದಲಾಗದು" ಎಂದು ಒಂದೇ ಸಾಲಿನ ಉತ್ತರ ಬಂತು. ಹಾಗಾಗಿ ಪತ್ರಿಕೆಗೆ ಬಂದಿದ್ದೇನೆ. ಹೆದರಿಕೊಂಡೇ ಬಂದಿದ್ದೇನೆ. ನಾನು ತಾತ್ಕಾಲಿಕ ಶಿಕ್ಷಕಿ; ನನ್ನನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಿಮ್ಮ ಪಕ್ಕದ ಕೋಣೆಯಲ್ಲೇ ಕೂರುತ್ತಾರೆ. ಆದರೆ ಅದು ಸಣ್ಣ ಹೆದರಿಕೆ. ದೊಡ್ಡದನ್ನು ಆಮೇಲೆ ಹೇಳುತ್ತೇನೆ.

ನಾನು ಶಿಕ್ಷಕರ ತರಬೇತಿ ಪಡೆದವಳಲ್ಲ. ನೀವು ದೋಣಿಯಲ್ಲಿ ಕಳಿಸಿದ ಕೈಪಿಡಿಗಳನ್ನು ನಮ್ಮ ಮುಖ್ಯೋಪಾಧ್ಯಾಯರು ಕಿಟಕಿ ಬಡಿಯದಂತೆ ಒತ್ತು ಕೊಡಲು ಬಳಸುತ್ತಿದ್ದರು. ನಾನು ಎಳೆದುಕೊಂಡು ಓದಿದೆ. ಮಗು ಕಲಿಯಬೇಕೆಂದು ಗೊತ್ತುಮಾಡಿದ್ದನ್ನೇ ಕಲಿಸಬೇಕು, ಕಲಿಸಿದ್ದನ್ನೇ ಕೇಳಬೇಕು, ಗುರಿ ಪಾಠ ಪರೀಕ್ಷೆ ಮೂರೂ ಒಂದೇ ದಾರಿ ಹಿಡಿಯಬೇಕು ಎಂದು ನೀವೇ ಅಚ್ಚು ಹಾಕಿಸಿದ್ದೀರಿ. ನಾನು ನಂಬಿದೆ. ನಂಬಬಾರದೆಂದು ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಬರೆದಿತ್ತೇ? ಎದುರಿನವರ ಮಾತು ಕೇಳಿ ತನ್ನ ಅಭಿಪ್ರಾಯವನ್ನು ಕಾರಣ ಕೊಟ್ಟು ಹೇಳುವುದು ಈ ತರಗತಿಯ ಗುರಿ. ವರ್ಷವೆಲ್ಲ ಅದನ್ನೇ ಕಲಿಸಿದೆ. ಬಿರುಗಾಳಿ ಬರುವಾಗ ಹಂದಿಗಳನ್ನು ಕಟ್ಟಬೇಕೇ ಬಿಡಬೇಕೇ ಎಂದು ಒಂದು ದಿನ ವಾದಕ್ಕೆ ಬಿಟ್ಟೆ. ಕಲೊಲೈನೆ ಹಾಫೊಕಾ ಪಕ್ಕದ ಮನೆಯ ಹುಡುಗನಿಗೆ ಹೇಳಿದಳು: "ಕಟ್ಟಿದ್ರೆ ಮುಳುಗಿ ಸಾಯತ್ತೆ. ಬಿಟ್ರೆ ನಿಮ್ಮಪ್ಪ ಹಿಡಿದು ಒಲೆಗೆ ಹಾಕ್ತಾರೆ. ಸಮುದ್ರ ಆದ್ರೂ ಉಪ್ಪು ಹಾಕಿ ಕೊಡತ್ತೆ, ನಿಮ್ಮಪ್ಪ ಮೂಳೆನೂ ಕೊಡಲ್ಲ. ಅದಕ್ಕೇ ಕಟ್ಟೋದೇ ವಾಸಿ." ಆ ಹುಡುಗನೇ ನಕ್ಕುಬಿಟ್ಟ. ಕಾರಣ ಕೊಟ್ಟು ಹೇಳುವುದೆಂದರೆ ಇದಲ್ಲವೇ? ಆ ಹುಡುಗಿಗೆ ನಿಮ್ಮ ಕಚೇರಿ ಸೊನ್ನೆ ಕೊಟ್ಟಿದೆ.

ಹೇಗೆಂದರೆ, ಜೋಡಿಗಳನ್ನು ನೀವು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿ ಕಟ್ಟಿದಿರಿ. ಹಾಫೊಕಾ ಫಿಲಿಮೋನೆ, ಹಾಫೊಕಾ ಕಲೊಲೈನೆ. ಅಣ್ಣತಮ್ಮಂದಿರ ಮಕ್ಕಳು, ಅಂದರೆ ಅಣ್ಣ-ತಂಗಿ. ಅವರಿಗೆ ಬಂದ ಚೀಟಿಯಲ್ಲಿದ್ದದ್ದು: ನೀವಿಬ್ಬರೂ ನೃತ್ಯಕೂಟಕ್ಕೆ ಹೊರಟಿದ್ದೀರಿ, ಯಾವ ಉಡುಪು ತೊಡುವಿರಿ, ಯಾರೊಡನೆ ಕುಣಿಯುವಿರಿ, ಚರ್ಚಿಸಿ.

ಅಧಿಕಾರಿಗಳೇ, ನೀವೂ ಟೊಂಗಾದವರೇ ತಾನೆ? ತಂಗಿಯ ಉಡುಪಿನ ಬಗ್ಗೆ ನಾಲ್ಕು ಜನರೆದುರು ನೀವೆಂದಾದರೂ ಬಾಯಿ ತೆರೆದಿದ್ದೀರಾ? ಅವಳು ಸಿನಿಮಾ ನೋಡುತ್ತಿರುವ ಕೋಣೆಗೆ ಕಾಲಿಟ್ಟಿದ್ದೀರಾ? ತರಗತಿಯಲ್ಲಿ ನಾನು ಈ ಇಬ್ಬರನ್ನು ಎರಡು ಮೂಲೆಗಳಲ್ಲಿ ಕೂರಿಸುತ್ತೇನೆ. ಇಡೀ ದೇಶದ ಶಿಕ್ಷಕರು ಹಾಗೇ ಮಾಡುತ್ತಾರೆ. ನಿಮ್ಮ ಪರೀಕ್ಷಕರು ದೋಣಿಯಿಂದ ಇಳಿದ ಕೂಡಲೇ ಹೋಗಿ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ಗೊತ್ತಮ್ಮ, ನಂಗೂ ತಂಗಿ ಇದ್ದಾಳೆ. ಆದ್ರೆ ಜೋಡಿ ಬದಲಾಯ್ಸೋ ಅಧಿಕಾರ ನಂಗಿಲ್ಲ."

"ಹಾಗಾದ್ರೆ ಕಲೊಲೈನೆ ಜೊತೆ ನೀವೇ ಮಾತಾಡಿ ಸಾರ್."

"ಆಮೇಲೆ ಮೇಲಿನವರ ಹತ್ರ ನನ್ ಪರವಾಗಿ ನೀನ್ ಮಾತಾಡ್ತೀಯಾ? ಸುಮ್ನಿರಮ್ಮ."

ಫಿಲಿಮೋನೆ ಚಾವಣಿ ನೋಡುತ್ತ ಕೂತ. ಕಲೊಲೈನೆ ಹಿರಿಯರೆದುರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯ ಎಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಇಬ್ಬರೂ ತುಟಿ ಬಿಚ್ಚಲಿಲ್ಲ. 'ಮಾತಿನ ಸಾಮರ್ಥ್ಯವಿಲ್ಲ' ಎಂದು ದಾಖಲಾಯಿತು. ನೀವು ಅಳೆದದ್ದು ಯಾವ ಸಾಮರ್ಥ್ಯವನ್ನು? ಮನೆಯವರು ಕಲಿಸಿದ ಮರ್ಯಾದೆಯನ್ನು ಎಷ್ಟು ಬೇಗ ಬಿಡಬಲ್ಲರು ಎಂಬುದನ್ನೇ?

ಈಗ ದೊಡ್ಡ ಹೆದರಿಕೆ. ಮರುಪರೀಕ್ಷೆಯ ಸುದ್ದಿ ಬಂದಂದಿನಿಂದ ಫಿಲಿಮೋನೆ ಶಾಲೆಗೆ ಬರುತ್ತಿಲ್ಲ, ಮೀನಿಗೆ ಹೋಗುತ್ತಾನೆ. ಮೊನ್ನೆ ಆ ಮಕ್ಕಳ ಸೋದರತ್ತೆ ಲೋಸೆ ಶಾಲೆಗೆ ಬಂದರು. ಆ ಮನೆತನದಲ್ಲಿ ಅವರ ಮಾತು ಮೀರುವ ಗಂಡಸಿಲ್ಲ. ಅಣ್ಣ-ತಂಗಿಯ ನಡುವಿನ ಗೆರೆಯನ್ನು ಇಷ್ಟು ವರ್ಷ ಕಾದವರೂ ಅವರೇ.

"ಮಾತಾಡ್ಲಿ ಬಿಡಿ ಟೀಚರಮ್ಮ. ನಾನೇ ಇಬ್ರಿಗೂ ಹೇಳಿದೀನಿ."

"ಅತ್ತೆ, ನೀವೇ ಹೀಗಂದ್ರೆ ಹೇಗೆ?"

"ಮತ್ತೇನ್ ಮಾಡ್ಲಿ? ಅಷ್ಟು ಬಾಯಿರೋ ಹುಡ್ಗಿ ಇಲ್ಲೇ ಕೂತು ನನ್ ಹಾಗೆ ಚಾಪೆ ಹೆಣೀಬೇಕಾ? ನೀವೇ ಅಭ್ಯಾಸ ಮಾಡ್ಸಿ. ಪರೀಕ್ಷೆ ದಿನ ನಾನು ದಂಡೆ ಕಡೆ ಹೋಗಿರ್ತೀನಿ. ನನ್ ಕಿವಿಗೆ ಬೀಳೋದ್ ಬೇಡ."

ನಾನು ಒಪ್ಪಲಿಲ್ಲ. ಆದರೆ ಮರುದಿನ ಶಾಲೆ ಬಿಟ್ಟ ಮೇಲೆ ಬೀಗ ಹಾಕಲು ಹೋದಾಗ ಕಲೊಲೈನೆ ಒಬ್ಬಳೇ ಒಳಗಿದ್ದಳು. ಗೋಡೆಗೆ ಮುಖ ಮಾಡಿ ಹೇಳುತ್ತಿದ್ದಳು: "ನಾನು ಕೆಂಪು ಅಂಗಿ ಹಾಕ್ತೀನಿ. ನೀನು ಯಾರ ಜೊತೆ ಕುಣೀತೀಯ ಅಣ್ಣ?" ನನ್ನನ್ನು ಕಂಡು ನಾಚಲಿಲ್ಲ.

"ಟೀಚರ್, ಅವನ ಕಡೆ ನೋಡ್ಲೇಬೇಕಾ? ಹೀಗೇ ಗೋಡೆ ನೋಡ್ಕೊಂಡು ಹೇಳಿದ್ರೆ ಅಂಕ ಕಡಿಮೆ ಮಾಡ್ತಾರಾ?"

ಮನೆಗೆ ಹೋಗಿ ಪುಟ ಪುಟ ಹುಡುಕಿದೆ. ನಿಮ್ಮ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲ. ನನ್ನ ದೊಡ್ಡ ಹೆದರಿಕೆ ಇದೇ: ಮುಂದಿನ ಬಾರಿ ಅವಳು ಪಾಸಾಗಿಬಿಡಬಹುದು.

ಆದ್ದರಿಂದ ಆ ಎರಡು ಸೊನ್ನೆಗಳನ್ನು ಅಳಿಸಿ. ಯಾರ ಎದುರು ಯಾರು ಕೂರಬಹುದೆಂಬುದನ್ನು ಆ ಮಕ್ಕಳ ಶಾಲೆಗೆ ಬಿಡಿ. ಮುಂದಿನ ದೋಣಿಯಲ್ಲಿ ಬರುವ ಪರೀಕ್ಷಕರಿಗೆ ಜೋಡಿ ಬದಲಿಸುವ ಅಧಿಕಾರ ಕೊಟ್ಟು ಕಳಿಸಿ. ಅವರು ಹಂದಿಯ ಪ್ರಶ್ನೆ ಕೇಳಲಿ. ಆ ದೋಣಿ ಹೊರಡುವುದರೊಳಗೆ ಉತ್ತರಿಸಿ, ಅವಳು ದಿನವೂ ಅಭ್ಯಾಸ ಮಾಡುತ್ತಿದ್ದಾಳೆ.

ಇಂತಿ,
ನಿಮ್ಮ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದಿ ಕೆಟ್ಟ,
ಲಾವಿನಿಯಾ ಮೋಆಲಾ
ಶಿಕ್ಷಕಿ, ಈ ಪತ್ರ ನಿಮ್ಮ ಕಣ್ಣಿಗೆ ಬೀಳುವವರೆಗೆ