ಹೊಸ್ತಿಲ ಮೇಲೆ ಓದಿದ ಪಾಠ

ಚೊಂಗ್ವು,
ಏಳನೇ ತಿಂಗಳ ಹುಣ್ಣಿಮೆಯ ಮರುದಿನ

ಮಗನೇ ಝೆನ್‌ಹಾಯ್,

ಮೈ ಚೆನ್ನಾಗಿದೆಯೇ? ಹಡಗಿನ ಊಟ ಹೊಟ್ಟೆಗೆ ಆಗುತ್ತಿಲ್ಲವೆಂದು ನೀನು ಬರೆದಿದ್ದೆ. ಶುಂಠಿ ಹಾಕಿದ ಗಂಜಿ ಕುಡಿ. ನನ್ನ ಮಂಡಿನೋವಿನ ಸುದ್ದಿ ನಿನಗೆ ಬೇಡ.

ನಿನ್ನ ಮಗಳು ಸೂಯುನ್ ಇಂಗ್ಲಿಷ್ ಕಲಿಯುತ್ತಿದ್ದಾಳೆ. ನನ್ನ ಹೈಸ್ಕೂಲಿನಲ್ಲಿ ಇದ್ದದ್ದು ರಷ್ಯನ್, ಹಾಗಾಗಿ ನಾನು ತಿದ್ದಲಾರೆ. ಪ್ರತಿ ಕ್ರಿಯಾಪದವನ್ನೂ ಗಟ್ಟಿಯಾಗಿ ಮೂರು ಸಲ ಓದಬೇಕೆಂದು ಮೇಷ್ಟರ ಅಪ್ಪಣೆ. ನಿನ್ನೆಯದು "ಕಮ್, ಕೇಮ್, ಕಮ್". ಬಾ, ಬಂದ, ಬಂದಿದ್ದಾನೆ ಎಂದರ್ಥವಂತೆ. ಸತ್ತವರು ತಿರುಗಾಡುವ ಈ ದೆವ್ವಗಳ ತಿಂಗಳಲ್ಲಿ ಕತ್ತಲಾದ ಮೇಲೆ ಬಟ್ಟೆ ಹೊರಗಿರಬಾರದಲ್ಲ, ಮುಸ್ಸಂಜೆಗೇ ತೆಗೆದು ಅವಳ ಕೈಗೆ ಕೊಟ್ಟೆ. ಈ ಹುಡುಗಿ ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ನಿನ್ನ ನೀಲಿ ಅಂಗಿ ಇಟ್ಟುಕೊಂಡು, ಸಮುದ್ರದ ಕಡೆ ಮುಖ ಮಾಡಿ ಕೂಗುತ್ತಿದ್ದಾಳೆ! "ಏಯ್, ಅಲ್ಲಿ ಕೂತು ಯಾರನ್ನೇ ಕರೀತಿದ್ದೀಯ?" ಎಂದು ಗದರಿದೆ. "ಪಾಠ ಅಜ್ಜಿ. ದೆವ್ವಕ್ಕೆಲ್ಲಿ ಇಂಗ್ಲಿಷ್ ಬರುತ್ತೆ?" ಎಂದಳು. ನನಗೂ ನಗು ಬಂತು.

ಚಿಕ್ಕವನಿದ್ದಾಗ ನೀನು ಬೆಚ್ಚಿಬಿದ್ದರೆ ನಾನು ನಿನ್ನ ಅಂಗಿ ಹಿಡಿದು ಹೊಸ್ತಿಲಲ್ಲಿ ನಿಂತು, ಮೈ ಬಿಟ್ಟು ಹೋದ ಪ್ರಾಣವನ್ನು ಮರಳಿ ಕರೆಯುತ್ತಿದ್ದೆ. ಒಳಗಿನಿಂದ ನಿನ್ನ ಸೋದರತ್ತೆ "ಬಂದ, ಬಂದ" ಎನ್ನುತ್ತಿದ್ದಳು. ನಿನ್ನೆಯೂ ಒಳಗಿನಿಂದ ಉತ್ತರ ಬಂತು. ಯಾರೂ ಇಲ್ಲದ ಕೋಣೆಯಿಂದ, ಗಂಟಲಲ್ಲಿ ನೀರು ತುಂಬಿದಂಥ ಗಂಡು ದನಿ: "ಕೇಮ್". ಯಾರೋ ತನ್ನ ಉಚ್ಚಾರ ತಿದ್ದಿದರೆಂದುಕೊಂಡು ಸೂಯುನ್ ಹಾಗೆಯೇ ಮತ್ತೊಮ್ಮೆ ಓದಿದಳು. ಹೊಸ್ತಿಲಿಂದ ಒಳಕ್ಕೆ ಒದ್ದೆ ಹೆಜ್ಜೆಗಳಿದ್ದವು. ಹೊರಕ್ಕೆ ಒಂದೂ ಇರಲಿಲ್ಲ.

ನಾನು ಹೆದರಲಿಲ್ಲ. ನಮ್ಮ ಮನೆಯಲ್ಲಿ ಸತ್ತವರ ಪೈಕಿ ಇಂಗ್ಲಿಷ್ ಬಲ್ಲವರು ನಿಮ್ಮಪ್ಪ ಒಬ್ಬರೇ. ಅವರು ಮುಳುಗಿದ ವರ್ಷ ದಡದಲ್ಲಿ ನಿಂತು ನಮ್ಮ ಮಾತಿನಲ್ಲಿ ಎಷ್ಟು ಕರೆದರೂ ಬರಲಿಲ್ಲ. "ಈಗ ನೆನಪಾಯಿತೇನು ಮನೆ?" ಎಂದು ಗದರಿ ಒಂದು ಬಟ್ಟಲು ಶಾವಿಗೆ ಇಟ್ಟೆ. ಮುಟ್ಟಲಿಲ್ಲ. ಬೆಳಿಗ್ಗೆ ನೋಡಿದರೆ ಹೆಜ್ಜೆಗಳು ಸೂಯುನ್‌ಳ ಮಂಚದ ಬಳಿ ಇನ್ನೂ ಆರದೆ ನಿಂತಿದ್ದವು.

ಹಿರಿಯರ ಕಾವಲು ನಿನ್ನ ಮೇಲಿರಲಿ.

ನಿನ್ನ ತಾಯಿ,
ಬಾವೊಝು

ತಾ.ಕ.: ಲಕೋಟೆ ಅಂಟಿಸುವಾಗ ಸೂಯುನ್ ಹೇಳುತ್ತಾಳೆ, "ಬಂದೋರಿಗೆ ಎಡಗೈ ಕಿರುಬೆರಳಿಲ್ಲ ಅಜ್ಜಿ." ನಿಮ್ಮಪ್ಪನಿಗೆ ಹತ್ತೂ ಬೆರಳಿದ್ದವು. ಹಡಗಿನ ಹಗ್ಗಕ್ಕೆ ಬೆರಳು ಕೊಟ್ಟವನು ನೀನು. ಅಂಗಿಯೂ ನಿನ್ನದು. ಬದುಕಿರುವವನ ಪ್ರಾಣ ಹೀಗೆ ಬಂದುಬಿಟ್ಟರೆ ಅಲ್ಲಿ ಮೈ ಉಳಿಯುವುದಿಲ್ಲ. ಬೇಗ ಹಿಂದಕ್ಕೆ ಕಳಿಸಬೇಕು. ಇದನ್ನು ಓದಲು ನೀನಿದ್ದರೆ ಕೂಡಲೇ ತಂತಿ ಕೊಡು. "ಹೋಗು" ಎನ್ನುವ ಪಾಠವನ್ನು ಹೊಸ್ತಿಲಲ್ಲಿ ಓದೆಂದು ಆ ಮಗುವನ್ನು ಬೇಡಿಕೊಂಡೆ. ಬೇಡುವುದು ನನಗೆ ಅಭ್ಯಾಸವಿಲ್ಲ. ಅವಳು ಪುಸ್ತಕ ಮುಚ್ಚಿ ಅಂಗಿಯನ್ನು ಅಪ್ಪಿಕೊಂಡು ಕೂತಿದ್ದಾಳೆ. "ನಾನು ಓದಲ್ಲ. ಅಪ್ಪ ಈಗ ತಾನೇ ಬಂದಿದ್ದಾರೆ ಅಜ್ಜಿ" ಎನ್ನುತ್ತಾಳೆ.